ಟಾಪ್ ಸ್ಟೇಷನ್‌ನಲ್ಲಿ ಸ್ಟೇಷನ್ ಎಲ್ಲಿ?

ಮುನ್ನಾರ್‌ಗೆ ಹೋದವರೆಲ್ಲ ಟಾಪ್ ಸ್ಟೇಷನ್‌ನಲ್ಲಿ ಮಂಜಿನ ಮುಂದೆ ಫೋಟೊ ತೆಗೆಸಿಕೊಂಡು ಬರ್ತೀವಿ. ಅದು ಯಾವುದರ ಸ್ಟೇಷನ್ ಅಂತ ಕೇಳುವವರು ಕಡಿಮೆ. ನಮ್ಮಪ್ಪ ಕೇಳಿದರು. ಹಳಿ ನೋಡಿಕೊಳ್ಳುವ ಗ್ಯಾಂಗ್‌ನಲ್ಲಿ ಮೂವತ್ತು ವರ್ಷ ದುಡಿದವರು, ಸ್ಟೇಷನ್ ಅಂದಮೇಲೆ ಹಳಿ ಬೇಕೇ ಬೇಕು.

ಹಳಿ ನಿಜಕ್ಕೂ ಇತ್ತು. ಕುಂಡಲ ಕಣಿವೆ ರೈಲು ಅಂತ ಹೆಸರು. 1902ರಲ್ಲಿ ಶುರುವಾದಾಗ ಅದು ಒಂಟಿ ಹಳಿಯ ಗಾಡಿ: ಭಾರ ಹೆಚ್ಚುಕಮ್ಮಿ ಎಲ್ಲ ಹಳಿಯ ಮೇಲೆ, ವಾಲದಂತೆ ಪಕ್ಕದಲ್ಲಿ ನೆಲದ ಮೇಲೊಂದು ಚಕ್ರ, ಎಳೆಯೋಕೆ ಎತ್ತು! 1908ರಲ್ಲಿ ಎರಡಡಿ ಅಗಲದ ಜೋಡಿ ಹಳಿ, ಉಗಿ ಎಂಜಿನ್ ಬಂದವು. ಚಹಾ ಮುನ್ನಾರ್‌ನಿಂದ ಮಾಟ್ಟುಪೆಟ್ಟಿ, ಪಾಲಾರ್ ದಾಟಿ ಟಾಪ್ ಸ್ಟೇಷನ್‌ಗೆ, ಅಲ್ಲಿಂದ ರೋಪ್‌ವೇಯಲ್ಲಿ ತೂಗುತ್ತ ಕೆಳಗೆ ಕೊಟ್ಟಗುಡಿಗೆ, ಮುಂದೆ ಬೋಡಿನಾಯಕನೂರಿಗೆ. ಕೆಳಗಿನ ತುದಿಗೆ ಬಾಟಮ್ ಸ್ಟೇಷನ್ ಅಂತಲೇ ಹೆಸರು.

ಹಳೇ ಸರ್ವೆ ನಕ್ಷೆಯ ಸ್ಕ್ಯಾನ್ ಪ್ರತಿ ಇಳಿಸಿಕೊಂಡು ಮೊಬೈಲ್‌ನಲ್ಲಿ ಈಗಿನ ನಕ್ಷೆಯ ಮೇಲಿಟ್ಟು ನೋಡಿದೆ. ಹೊಂದಿಸೋದು ಸುಲಭವಲ್ಲ. ಕುಂಡಲ, ಮಾಟ್ಟುಪೆಟ್ಟಿ ಜಲಾಶಯಗಳು ರೈಲು ಹೋದ ಎಷ್ಟೋ ವರ್ಷದ ಮೇಲೆ ಕಟ್ಟಿದವು. ನಾವು ಬೋಟಿಂಗ್ ಮಾಡಿದ ಕಡೆ ಹಳೇ ನಕ್ಷೆಯಲ್ಲಿ ಬರೀ ಒಂದು ಹೊಳೆ.

ಇಲ್ಲಿ ಕೆಲಸಕ್ಕೆ ಬಂದಿದ್ದು ಅಪ್ಪನ ಕಣ್ಣು. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು ನಕ್ಷೆಯಲ್ಲಿರುತ್ತವಲ್ಲ, ರೈಲು ಅವನ್ನು ಪಟಪಟನೆ ಕಡಿದು ಮೇಲೇರೋದಿಲ್ಲ. ಗುಡ್ಡವನ್ನು ಬಳಸಿಕೊಂಡು, ನಿಧಾನವಾಗಿ ಹತ್ತುತ್ತೆ. ನಾನು ರಸ್ತೆಯ ಚೂಪು ತಿರುವೊಂದನ್ನು ತೋರಿಸಿದರೆ, "ಅಲ್ಲಿ ಬಸ್ಸೇ ಒದ್ದಾಡುತ್ತೆ, ರೈಲು ಎಲ್ಲಿ ತಿರುಗುತ್ತಮ್ಮ? ಆ ಕಡೆ ನೋಡು" ಅಂದರು. ಆ ಕಡೆ ಟೀ ಗಿಡಗಳ ನಡುವೆ ಸೊಂಟಕ್ಕೆ ಡಾಬು ಕಟ್ಟಿದಂತೆ ಒಂದು ಸಪಾಟು ಪಟ್ಟಿ. ನಕ್ಷೆಯ ಗೆರೆಯೂ ಅಲ್ಲೇ ಹಾದಿತ್ತು. ಅಪ್ಪ ನಿವೃತ್ತರಾದಮೇಲೆ ಇಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದು ನಾನು ಕಂಡಿರಲಿಲ್ಲ.

ರೈಲು ಹೋಗಿದ್ದು 1924ರ ಜುಲೈನಲ್ಲಿ. ಮುನ್ನಾರ್ ಅಂದರೇನೇ ಮೂರು ಆರು, ಮೂರು ಹೊಳೆ ಕೂಡುವ ಜಾಗ. ಆ ಮಳೆಗೆ ಹಳಿ, ಸೇತುವೆ ಎಲ್ಲ ಕೊಚ್ಚಿಹೋದವು. ಕೊಲ್ಲಂ ಶಕೆ 1099 ಆದ್ದರಿಂದ ಮಲಯಾಳಿಗಳು ಅದನ್ನು 'ತೊಂಬತ್ತೊಂಬತ್ತರ ಪ್ರವಾಹ' ಅಂತಾರೆ. ರೈಲನ್ನು ಮತ್ತೆ ಕಟ್ಟಲಿಲ್ಲ. ಮುನ್ನಾರ್ ಸ್ಟೇಷನ್ ಕಟ್ಟಡ ಮುಂದೆ ಚಹಾ ಕಂಪನಿಯ ಕಚೇರಿಯಾಯಿತು.

ಊರಿನ ಚಹಾ ಮ್ಯೂಸಿಯಂನಲ್ಲಿ ಆ ರೈಲಿನದೊಂದು ಚಕ್ರ ಇದೆ. ಬೇರೆಯವರೆಲ್ಲ ಟೀ ರುಚಿ ನೋಡೋಕೆ ಸಾಲು ನಿಂತಿದ್ದಾಗ ಅಪ್ಪ ಅದರ ಮುಂದೆ ಬಗ್ಗಿ ಅಂಚನ್ನೇ ನೋಡ್ತಿದ್ದರು. "ಸವೆದಿದೆ, ಚೆನ್ನಾಗಿ ಓಡಿದೆ" ಅಂದರು.