ಒಡೆದ ಗಾಜಿಗೊಂದು ಗೋಡೆ

ಕನ್ನಡದಲ್ಲಿ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಹಳೆಯ ಕಾಲದ ಹೆಂಗಸರು ಕೈಯಲ್ಲಿನ ಗಾಜಿನ ಬಳೆ ಚೂರಾದರೆ ‘ಬಳೆ ಹೆಚ್ಚಿತು’ ಎನ್ನುತ್ತಾರೆಯೇ ಹೊರತು ‘ಒಡೆಯಿತು’ ಎಂಬ ಮಾತನ್ನು ನಾಲಿಗೆಗೆ ತರುವುದಿಲ್ಲ. ನಮ್ಮ ಮನೆಗಳ ಉರ್ದುವಿನಲ್ಲೂ ಅಷ್ಟೇ. ಅಲ್ಲಿ ಬಳೆಗಳು ‘ಠಂಡಿ’ ಆಗುತ್ತವೆ, ಅಂದರೆ ತಣ್ಣಗಾಗುತ್ತವೆ. ಭಾಷೆ ಎರಡು, ಅಡುಗೆಮನೆ ಎರಡು, ಭಯ ಮಾತ್ರ ಒಂದೇ. ಮಾತಿನಲ್ಲಿ ಇಷ್ಟೊಂದು ಎಚ್ಚರ ವಹಿಸುವ ನಾವು ಆ ಚೂರುಗಳನ್ನು ಮಾತ್ರ ಕಸಪೊರಕೆಯಿಂದ ಗುಡಿಸಿ ತಿಪ್ಪೆಗೆ ಸುರಿದುಬಿಡುತ್ತೇವೆ.

ಮಕ್ಕಳಿಗೆ ಈ ಭಯವಿಲ್ಲ. ನಾವು ಚಿಕ್ಕವರಿದ್ದಾಗ ಬಳೆಚೂರುಗಳನ್ನು ಹೆಕ್ಕಿ, ಮೇಣದಬತ್ತಿಯ ಉರಿಗೆ ಹಿಡಿದು ಬಗ್ಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಸರ ಮಾಡುತ್ತಿದ್ದೆವು. ಫೋಟೊಗೆ ಕಟ್ಟು ಹಾಕುವವನನ್ನು ಕಾಡಿ ಬೇಡಿ ಗಾಜಿನ ಮೂರು ಪಟ್ಟಿ ತಂದು, ತ್ರಿಕೋನವಾಗಿ ದಾರ ಕಟ್ಟಿ, ಹೊರಗೆ ಕಪ್ಪು ಕಾಗದ ಸುತ್ತಿ, ತುದಿಯಲ್ಲಿ ನಾಲ್ಕು ಬಳೆಚೂರು ಹಾಕಿದರೆ ಕೆಲಿಡೋಸ್ಕೋಪ್ ಸಿದ್ಧ. ನಾಲ್ಕೇ ನಾಲ್ಕು ಚೂರು ಒಳಗೆ ನೂರಾಗಿ, ಆರು ಎಸಳಿನ ಹೂವಾಗಿ ಅರಳುತ್ತಿತ್ತು. ಕೊಳವೆ ಒಂದಿಷ್ಟು ಅಲುಗಿತೋ, ಆ ಹೂವು ಹೋಯಿತು. ಮತ್ತೆಷ್ಟು ತಿರುಗಿಸಿದರೂ ಅದೇ ಬರುತ್ತಿರಲಿಲ್ಲ.

ಇದೇ ಆಟ ಇರಾನಿನಲ್ಲಿ ದೊಡ್ಡವರ ಕೈಗೆ ಸಿಕ್ಕು ಒಂದು ಮಹಾಕಲೆಯಾಗಿ ಬೆಳೆದಿದೆ. ಅದರ ಹೆಸರು ಆಯಿನೆ-ಕಾರಿ, ಅಂದರೆ ಕನ್ನಡಿ ಕೆಲಸ. ಸಫವಿ ದೊರೆಗಳ ಕಾಲದಲ್ಲಿ, 16ನೇ ಶತಮಾನದಿಂದೀಚೆಗೆ, ವೆನಿಸ್ ಮುಂತಾದ ಕಡೆಗಳಿಂದ ದೊಡ್ಡ ದೊಡ್ಡ ಕನ್ನಡಿಗಳು ಇರಾನಿಗೆ ಬರುತ್ತಿದ್ದವು. ದೂರದ ದಾರಿಯಲ್ಲಿ ಎಷ್ಟೋ ಕನ್ನಡಿಗಳು ಒಡೆದು ಹೋಗುತ್ತಿದ್ದವಂತೆ. ಅಷ್ಟು ಬೆಲೆಬಾಳುವ ವಸ್ತುವನ್ನು ಎಸೆಯಲು ಮನಸ್ಸು ಬಾರದ ಕುಶಲಕರ್ಮಿಗಳು ಚೂರುಗಳನ್ನೇ ಜೋಡಿಸಿ ಗೋಡೆಗೆ, ಛಾವಣಿಗೆ ಕೂರಿಸಿದರು ಎಂದು ಈ ಕಲೆಯ ಹುಟ್ಟನ್ನು ಹೇಳುವುದುಂಟು. ಆಮೇಲೆ ಒಡೆಯುವುದಕ್ಕೆ ಕಾಯುವ ಅಗತ್ಯವೇ ಉಳಿಯಲಿಲ್ಲ. ತೆಳು ಕನ್ನಡಿಯನ್ನು ಬೇಕೆಂದೇ ತ್ರಿಕೋನ, ಷಟ್ಕೋನಗಳಾಗಿ ಕತ್ತರಿಸಿ ಜಿಪ್ಸಮ್ ಗಾರೆಯಲ್ಲಿ ಒತ್ತಿ ಕೂರಿಸತೊಡಗಿದರು. ಪ್ರತಿ ಚೂರಿನ ಕೋನ ಪಕ್ಕದ್ದಕ್ಕಿಂತ ಕೊಂಚ ಬೇರೆ ಇರುವುದರಿಂದ ಒಂದು ದೀಪ ಹಚ್ಚಿದರೆ ಸಾವಿರ ದೀಪ ಹಚ್ಚಿದಂತಾಗುತ್ತದೆ. ನಮ್ಮಲ್ಲಿ ‘ಮೊಸಾಯಿಕ್’ ಎಂದರೆ ತಕ್ಷಣ ನೆನಪಾಗುವುದು ಹಳೆಯ ಮನೆಗಳ ಚಿಪ್ಸ್ ಹಾಕಿ ತಿಕ್ಕಿದ ನೆಲ. ಇಲ್ಲಿ ಅದು ಪಾದದ ಕೆಳಗಿದ್ದರೆ ಅಲ್ಲಿ ತಲೆಯ ಮೇಲಿದೆ.

ಶಿರಾಜ್ ನಗರದ ಶಾಹ್ ಚೆರಾಗ್ ದರ್ಗಾದ ಒಳಗೋಡೆಗಳು, ಗುಮ್ಮಟದ ಒಳಭಾಗ ಹೀಗೆ ಕನ್ನಡಿಚೂರುಗಳಿಂದಲೇ ತುಂಬಿಹೋಗಿವೆ. ಶಾಹ್ ಚೆರಾಗ್ ಎಂದರೆ ದೀಪಗಳ ರಾಜ. ಎಂಟನೆಯ ಇಮಾಮ್ ರಝಾ ಅವರ ಸಹೋದರನ ಸಮಾಧಿ ಅದು. (ದರ್ಗಾಗಳ ಕುರಿತು ಈ ಪತ್ರಿಕೆಯ ಓದುಗರಲ್ಲಿ ಭಿನ್ನ ಅಭಿಪ್ರಾಯಗಳಿರುವುದು ನನಗೆ ಗೊತ್ತು. ನಾನೀಗ ಮಾತಾಡುತ್ತಿರುವುದು ಗೋಡೆಯ ಬಗ್ಗೆ.) ಅಲ್ಲಿ ನಿಂತವನಿಗೆ ತನ್ನ ಮುಖ ಇಡಿಯಾಗಿ ಎಲ್ಲೂ ಕಾಣುವುದಿಲ್ಲ. ತನ್ನ ಕಣ್ಣಿನ ಒಂದು ತುಣುಕು, ಪಕ್ಕದಲ್ಲಿ ಅಳುತ್ತಿರುವ ಯಾವುದೋ ಮುದುಕಿಯ ಚಾದರದ ಅಂಚು, ಯಾರದೋ ಮಗುವಿನ ಕೈ, ಎಲ್ಲ ಒಂದೇ ಗೋಡೆಯಲ್ಲಿ ಬೆರೆತು ಕಾಣುತ್ತವೆ. 2022ರ ಅಕ್ಟೋಬರ್‌ನಲ್ಲಿ ಅದೇ ದರ್ಗಾದೊಳಗೆ ಬಂದೂಕುಧಾರಿಯೊಬ್ಬ ನುಗ್ಗಿ ಪ್ರಾರ್ಥನೆಗೆ ಬಂದವರ ಮೇಲೆ ಗುಂಡು ಹಾರಿಸಿದ. ಸುದ್ದಿ ಓದಿದಾಗ ನನಗೆ ಮೊದಲು ಕಣ್ಣ ಮುಂದೆ ಬಂದದ್ದು ಆ ಗೋಡೆ. ಅದು ಆ ದಿನ ಏನೇನನ್ನು ತನ್ನ ಚೂರುಗಳಲ್ಲಿ ತೋರಿಸಿರಬಹುದು!

ಈ ದರ್ಗಾಕ್ಕೆ ಒಂದು ದಿನ ಒಬ್ಬ ಚಿತ್ರಕಲಾವಿದೆ ಬಂದು ಗಂಟೆಗಟ್ಟಲೆ ಕುಳಿತರು. ಹೆಸರು ಮುನೀರ್ ಶಾಹ್‌ರೂದಿ ಫರ್ಮಾನ್‌ಫರ್ಮಾಯಾನ್. 1922ರಲ್ಲಿ ಕಝ್ವಿನ್‌ನಲ್ಲಿ ಹುಟ್ಟಿ, ತೆಹರಾನ್‌ನಲ್ಲಿ ಓದಿ, ನಲವತ್ತರ ದಶಕದಲ್ಲೇ ನ್ಯೂಯಾರ್ಕ್‌ಗೆ ಹೋಗಿ ಅಂಗಡಿಗಳಿಗೆ ಫ್ಯಾಷನ್ ಚಿತ್ರ ಬರೆದುಕೊಟ್ಟು ಬದುಕಿ, ಮದುವೆಯಾಗಿ 1957ರಲ್ಲಿ ತಾಯ್ನಾಡಿಗೆ ಮರಳಿದ್ದವರು. ಆ ಕನ್ನಡಿ ಗುಮ್ಮಟದ ಕೆಳಗೆ ಕುಳಿತ ಮೇಲೆ ಅವರ ಕೆಲಸದ ದಾರಿಯೇ ಬದಲಾಯಿತು. ಈ ವಿದ್ಯೆ ಬಲ್ಲ ಉಸ್ತಾದರೊಬ್ಬರನ್ನು ಹುಡುಕಿ ಜತೆಗೆ ಕೂರಿಸಿಕೊಂಡರು. ತಲೆಮಾರುಗಳಿಂದ ತಂದೆಯಿಂದ ಮಗನಿಗೆ ಬಂದ ಗಂಡಸರ ಕಸುಬಿಗೆ ಹೆಂಗಸೊಬ್ಬಳು ಹೊಸ ನಕ್ಷೆ ಕೊಟ್ಟಳು ಎಂಬುದನ್ನು ನಾವು ಗಮನಿಸಬೇಕು. ದರ್ಗಾದ, ಅರಮನೆಯ ಗೋಡೆ ಬಿಟ್ಟು ಕದಲದಿದ್ದ ಕಲೆ ಮನೆಯ ಗೋಡೆಗೆ ತೂಗುಹಾಕುವ ಫಲಕವಾಯಿತು, ಕೈಯಲ್ಲಿ ಹಿಡಿಯುವ ಚೆಂಡಾಯಿತು.

1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾದಾಗ ಅವರು ನ್ಯೂಯಾರ್ಕ್‌ನಲ್ಲಿದ್ದರು. ಮರಳಲಾಗಲಿಲ್ಲ. ಮನೆ ಮುಟ್ಟುಗೋಲಾಯಿತು. ತಾವು ಮಾಡಿದ್ದು, ಹಳ್ಳಿಹಳ್ಳಿ ತಿರುಗಿ ಸಂಗ್ರಹಿಸಿದ್ದ ಜಾನಪದ ಕಲೆಯ ವಸ್ತುಗಳು, ಬಹುಪಾಲು ಕೈತಪ್ಪಿದವು. ಪರದೇಶದ ಫ್ಲಾಟಿನಲ್ಲಿ ಗಾರೆಯೂ ಇಲ್ಲ, ಉಸ್ತಾದರೂ ಇಲ್ಲ. 1991ರಲ್ಲಿ ಪತಿಯೂ ತೀರಿಕೊಂಡರು. ಆಮೇಲಿನ ವರ್ಷಗಳಲ್ಲಿ ಅವರು ಹಳೆಯ ಫೋಟೊ, ಚಿತ್ರದ ತುಂಡು, ಸಣ್ಣಪುಟ್ಟ ವಸ್ತುಗಳನ್ನು ಚಿಕ್ಕ ಪೆಟ್ಟಿಗೆಗಳಲ್ಲಿ ಜೋಡಿಸಿ ಅವಕ್ಕೆ ‘ಎದೆನೋವಿನ ಪೆಟ್ಟಿಗೆಗಳು’ ಎಂಬರ್ಥದ ಹೆಸರಿಟ್ಟರು. ಕಳೆದುಹೋದ ಮನೆಯನ್ನು ಇಡಿಯಾಗಿ ಕಟ್ಟಲಾಗದವರು ಮತ್ತೇನು ಮಾಡಿಯಾರು? 2004ರಲ್ಲಿ, ಎಂಬತ್ತು ದಾಟಿದ ಮೇಲೆ, ತೆಹರಾನ್‌ಗೆ ವಾಪಸಾಗಿ ಮತ್ತೆ ಕುಶಲಕರ್ಮಿಗಳನ್ನು ಸೇರಿಸಿಕೊಂಡು ಕನ್ನಡಿ ಕತ್ತರಿಸಲು ಕುಳಿತರು. ಅವರ ಅತಿ ದೊಡ್ಡ ಕೃತಿಗಳಲ್ಲಿ ಹಲವು ಆ ವಯಸ್ಸಿನವು. 2017ರಲ್ಲಿ ತೆಹರಾನ್‌ನಲ್ಲಿ ಅವರ ಹೆಸರಿನ ಮ್ಯೂಸಿಯಂ ತೆರೆಯಿತು. 2019ರ ಏಪ್ರಿಲ್‌ನಲ್ಲಿ ಅವರು ನಿಧನರಾದರು.

ನಮ್ಮ ದೇಶದಲ್ಲೂ ಇಂಥವರೊಬ್ಬರಿದ್ದರು. ಈಗ ಪಾಕಿಸ್ತಾನದಲ್ಲಿರುವ ಹಳ್ಳಿಯೊಂದರಿಂದ ವಿಭಜನೆಯ ಗಲಭೆಯಲ್ಲಿ ಬಂದ ನೇಕ್ ಚಂದ್, ಚಂಡೀಗಢದಲ್ಲಿ ರಸ್ತೆ ಇನ್‌ಸ್ಪೆಕ್ಟರಾಗಿದ್ದು, ಕಾಡಿನಂಚಿನಲ್ಲಿ ಯಾರಿಗೂ ತಿಳಿಯದಂತೆ ವರ್ಷಗಟ್ಟಲೆ ಒಡೆದ ಪಿಂಗಾಣಿ, ಬಳೆಚೂರುಗಳಿಂದ ಒಂದು ಲೋಕ ಕಟ್ಟಿದರು. 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ರಾಕ್ ಗಾರ್ಡನ್ ನೋಡಿದವರಿಗೆ ಮೈತುಂಬ ಬಳೆಚೂರು ಹೊತ್ತ ಆ ಹೆಂಗಸರ ಬೊಂಬೆಗಳ ಸಾಲು ಮರೆಯುವುದಿಲ್ಲ. ಸರಕಾರಿ ದಾಖಲೆಯಲ್ಲಿ ಅದು ಉದ್ಯಾನ. ನನಗೆ ಅದು ಬಿಟ್ಟುಬಂದ ಊರಿನ ಹೆಂಗಸರಂತೆ ಕಾಣುತ್ತದೆ.

ಇಷ್ಟೆಲ್ಲ ನಾನು ತಲೆಗೆ ಹಚ್ಚಿಕೊಂಡದ್ದು ನಮ್ಮ ಮನೆಯ ಒಂದು ಬಿಸ್ಕತ್ ಡಬ್ಬಿಯ ದೆಸೆಯಿಂದ. ಅಬ್ಬಾ ತೀರಿಕೊಂಡದ್ದು 2003ರಲ್ಲಿ. ಜನಾಝಾ ಮನೆಯಿಂದ ಹೊರಟೊಡನೆ ಸಂಬಂಧದಲ್ಲಿ ಹಿರಿಯರಾದ ಇಬ್ಬರು ಹೆಂಗಸರು ಅಮ್ಮಿಯ ಪಕ್ಕ ಬಂದು ಕುಳಿತರು. ಒಬ್ಬರ ಕೈಯಲ್ಲಿ ಅಡುಗೆಮನೆಯ ರುಬ್ಬುವ ಗುಂಡುಕಲ್ಲಿತ್ತು. ಬಳೆ ‘ಠಂಡಿ’ ಮಾಡಬೇಕಲ್ಲ! ಅಮ್ಮಿ ಕೈ ಹಿಂದಕ್ಕೆ ಎಳೆದುಕೊಂಡಳು. “ಬೇಟಿ, ಸೋಪಿನ ನೀರು ತಾ” ಎಂದಳು ನನಗೆ. ಎಲ್ಲರೂ ನೋಡುತ್ತಿದ್ದಂತೆ ಒಂದೊಂದಾಗಿ ಎರಡೂ ಕೈಯ ಬಳೆಗಳನ್ನು ಜಾರಿಸಿ ತೆಗೆದು ನನ್ನ ಮಡಿಲಿಗೆ ಹಾಕಿದಳು. ಒಂದೂ ಒಡೆಯಲಿಲ್ಲ.

ಪತಿ ತೀರಿದವಳಿಗೆ ಇಸ್ಲಾಮ್ ಹೇಳಿರುವುದು ನಾಲ್ಕು ತಿಂಗಳು ಹತ್ತು ದಿನದ ಇದ್ದತ್. ಆ ಅವಧಿಯಲ್ಲಿ ಅಲಂಕಾರ ಬೇಡ. ಮುಗಿದ ಮೇಲೆ ಬಳೆ ತೊಡಲಿಕ್ಕೂ, ಬಣ್ಣದ ಸೀರೆ ಉಡಲಿಕ್ಕೂ, ಮರುಮದುವೆಗೂ ಅಡ್ಡಿಯಿಲ್ಲ. ಮಣಿಕಟ್ಟಿನ ಮೇಲೆ ಕಲ್ಲಿನಿಂದ ಜಜ್ಜುವುದು, ಸಾಯುವವರೆಗೆ ಬರಿಗೈಯಲ್ಲಿರಿಸುವುದು ನಾವು ಈ ನೆಲದಲ್ಲಿ ಅಕ್ಕಪಕ್ಕದವರಿಂದ ಕಲಿತದ್ದು. ಒಳ್ಳೆಯದನ್ನೂ ಬಹಳ ಕಲಿತಿದ್ದೇವೆ, ಇದನ್ನೂ ಕಲಿತೆವು. ಅಮ್ಮಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು, ಕುರ್‌ಆನ್‌ನ ಉರ್ದು ಅನುವಾದವನ್ನು ದಿನವೂ ಓದುವವಳು. ಆದರೂ ಇದ್ದತ್ ಮುಗಿದ ಮೇಲೆ ಅವಳು ಗಾಜಿನ ಬಳೆ ತೊಡಲಿಲ್ಲ. ಕಲ್ಲು ಹಿಡಿದು ಬಂದವರನ್ನು ತಡೆದವಳಿಗೆ ‘ನಾಲ್ಕು ಜನ ಏನೆಂದಾರು’ ಎಂಬುದನ್ನು ತಡೆಯಲಾಗಲಿಲ್ಲ. ಬಳೆಗಳು ಬಿಸ್ಕತ್ ಡಬ್ಬಿ ಸೇರಿದವು.

ಹದಿನೆಂಟು ವರ್ಷಗಳ ನಂತರ, 2021ರಲ್ಲಿ ನಾವು ಮನೆ ಬದಲಿಸುವಾಗ ಆಟೊದಿಂದ ಆ ಡಬ್ಬಿ ಬಿದ್ದು ಅರ್ಧಕ್ಕರ್ಧ ಬಳೆ ಚೂರಾದವು. “ಹೆಚ್ಚಿದವು ಬಿಡು” ಎಂದಳು ಅಮ್ಮಿ. ಕೊರೋನಾ ಕಾಲ, ನನ್ನ ಮಗಳಿಗೆ ಶಾಲೆಯಿಲ್ಲ. ಒಂದು ಪ್ಲೈವುಡ್ ಹಲಗೆ ತಂದು ಜೋಡಿಸುತ್ತೇನೆಂದು ಹಟ ಹಿಡಿದಳು. ಬಳೆಚೂರಿನ ಕಷ್ಟ ಮಾಡಿದವರಿಗೇ ಗೊತ್ತು. ಟೈಲ್ಸ್ ಚೂರಿನಂತೆ ಅದು ಸಮತಟ್ಟಾಗಿ ಕೂರುವುದಿಲ್ಲ, ಪ್ರತಿಯೊಂದಕ್ಕೂ ಒಂದು ಬಾಗು. ನೇರ ಗೆರೆ ಬೇಕೆಂದರೆ ಸಿಗದು. ಮೀನಿನ ಹುರುಪೆಯಂತೆ ಬಾಗಿಗೆ ಬಾಗು ಸೇರಿಸಬೇಕು. ಫೆವಿಕಾಲ್ ಒಣಗಲು ಒಂದು ರಾತ್ರಿ ಬಿಟ್ಟು, ಸಂದಿಗೆಲ್ಲ ಬಿಳಿ ಸಿಮೆಂಟ್ ತುಂಬಿ, ಅದು ಗಟ್ಟಿಯಾಗುವ ಮೊದಲೇ ಒದ್ದೆ ಬಟ್ಟೆಯಿಂದ ಗಾಜಿನ ಮೈ ಒರೆಸಬೇಕು. ನಮ್ಮಿಬ್ಬರ ಬೆರಳೂ ಕುಯ್ದುಕೊಂಡವು.

ಅಮ್ಮಿ ಮೊದಲೆರಡು ದಿನ ದೂರದಿಂದ ನೋಡಿದಳು. ಮೂರನೆಯ ದಿನ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದಳು. ಚಿನ್ನದ ಚುಕ್ಕಿಯ ಕೆಂಪು ಚೂರು ಎತ್ತಿ, ಇದು ಮದುವೆಯದು ಎಂದಳು. ಕಡುಹಸಿರು, ನಾನು ಹೊಟ್ಟೆಯಲ್ಲಿದ್ದಾಗ ನಾನಿ ತೊಡಿಸಿದ್ದು. ತಿಳಿನೀಲಿ, ಎದುರುಮನೆಯ ಗೌರಮ್ಮ ಜಾತ್ರೆಯಿಂದ ತನಗೆ ತಂದುಕೊಳ್ಳುವಾಗ ಅಮ್ಮಿಗೂ ಒಂದು ಡಜನ್ ತಂದದ್ದು. ಒಂದು ಈದ್‌ಗೆ ಅಬ್ಬಾ ತಾನೇ ಹೋಗಿ ಅಳತೆ ಗೊತ್ತಿಲ್ಲದೆ ದೊಡ್ಡ ಬಳೆ ತಂದು ಬೈಸಿಕೊಂಡದ್ದು ಹೇಳುವಾಗ ಅಮ್ಮಿ ನಗುತ್ತಿದ್ದಳು. ಆ ಕಥೆಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಹಲಗೆಯ ಒಂದು ಮೂಲೆಗೆ ಚೂರು ಸಾಲಲಿಲ್ಲ. ಮಗಳೂ ನಾನೂ ಪೇಟೆಯ ಬಳೆ ಅಂಗಡಿಗೆ ಹೋಗಿ ಒಡೆದ ಬಳೆ ಇದ್ದರೆ ಕೊಡಿ ಎಂದೆವು. ಅಂಗಡಿಯ ಮುದುಕ ಕಣ್ಣು ಕೆಂಪಗೆ ಮಾಡಿದ. ಹೆಣ್ಣುಮಕ್ಕಳ ಕೈಗೆ ಬರೀ ಚೂರು ಕೊಟ್ಟು ಕಳಿಸುವ ಪದ್ಧತಿ ಈ ಅಂಗಡಿಯಲ್ಲಿಲ್ಲ, ಹೊಸ ಬಳೆ ಕೊಂಡರೆ ಚೂರು ಜತೆಗೆ ಕೊಡುತ್ತೇನೆ ಎಂದ. ವ್ಯಾಪಾರದ ಜಾಣತನವೋ ನಂಬಿಕೆಯೋ, ತಿಳಿಯಲಿಲ್ಲ. ಹಸಿರಿನವು ಒಂದು ಡಜನ್ ಕಟ್ಟಿಸಿಕೊಂಡೆವು. ಅಮ್ಮಿಯ ಅಳತೆ ನನಗೆ ನೆನಪಿತ್ತು, ಎರಡು-ಆರು.

ಮನೆಗೆ ಬಂದು ಪೊಟ್ಟಣವನ್ನು ಅವಳ ಮುಂದಿಟ್ಟೆ. ಬಿಚ್ಚಿ, ಒಂದು ಬಳೆ ತೆಗೆದು ಬೆಳಕಿಗೆ ಹಿಡಿದು ನೋಡಿದಳು. ಬಹಳ ಹೊತ್ತು ಮಾತಾಡಲಿಲ್ಲ.

“ಈಗ ಕೈ ಸೊರಗಿದೆ” ಎಂದಳು ಕೊನೆಗೆ. “ಇದನ್ನು ಕೊಟ್ಟು ಎರಡು-ನಾಲ್ಕು ತಾ.”