ಮೇಚಿ ಸೇತುವೆಯಾಚೆಯ ರೂಪಾಯಿ

ಸಿಲಿಗುರಿಯಿಂದ ಪಾನಿಟಂಕಿಗೆ ಬಂದರೆ ಎದುರಿಗೆ ಮೇಚಿ ನದಿ. ಸೇತುವೆಯನ್ನು ನಡೆದೇ ದಾಟಬಹುದು; ಆಚೆ ದಡದಲ್ಲಿ ನೇಪಾಳದ ಕಾಕಡಭಿಟ್ಟ. ಬಸ್ ನಿಲ್ದಾಣದ ಹತ್ತಿರದ ಹೋಟೆಲೊಂದರಲ್ಲಿ ತರಕಾರಿ ಮೊಮೊ ತಿಂದು ಎದ್ದಾಗ ಗಲ್ಲಾದಲ್ಲಿದ್ದಾಕೆ ಹಿಂದಿಯಲ್ಲಿ ಕೇಳಿದರು: "ಐಸಿ ಕೊಡ್ತೀರೋ, ಎನ್‌ಸಿ ಕೊಡ್ತೀರೋ, ದಾಜು?"

ಐಸಿ ನಮ್ಮ ರೂಪಾಯಿ, ಎನ್‌ಸಿ ಅವರದು. ನಮ್ಮ ನೂರಕ್ಕೆ ಅವರ ನೂರ ಅರವತ್ತು. 1993ರಿಂದ ಈ ದರ ಕದಲಿಲ್ಲ. ಡಾಲರಿನೆದುರು ನಮ್ಮದು ಏರಲಿ, ಇಳಿಯಲಿ, ಅವರದೂ ಜೊತೆಗೇ ಹೋಗುತ್ತದೆ. ನಾನು ನೂರರ ನೋಟು ಕೊಟ್ಟೆ. ಊಟದ ನೂರ ಇಪ್ಪತ್ತು ಎನ್‌ಸಿಯನ್ನು ಬಾಯಲ್ಲೇ ಕಳೆದು, ಇಪ್ಪತ್ತರ ಎರಡು ನೇಪಾಳಿ ನೋಟು ಕೈಗಿಟ್ಟರು. ಕ್ಯಾಲ್ಕುಲೇಟರ್ ಮುಟ್ಟಲಿಲ್ಲ. ನೋಟಿನ ಒಂದು ಬದಿಗೆ ಎವರೆಸ್ಟ್, ಇನ್ನೊಂದು ಬದಿಗೆ ಬಾರಾಸಿಂಘಾ ಜಿಂಕೆ. ರಾಜಪ್ರಭುತ್ವ ಹೋಗುವವರೆಗೆ ಎವರೆಸ್ಟಿನ ಜಾಗದಲ್ಲಿ ರಾಜನ ಮುಖವಿರುತ್ತಿತ್ತು.

ಆದರೆ ಈ ನಂಟಿನಲ್ಲಿ ಒಂದು ನೋವೂ ಇದೆ. 2016ರ ನವೆಂಬರಿನಲ್ಲಿ ನಾವು 500, 1000ದ ನೋಟು ರದ್ದು ಮಾಡಿದಾಗ ನಮಗೆ ಬ್ಯಾಂಕಿನ ಸಾಲಾದರೂ ಇತ್ತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳನ್ನು ರಾತ್ರಿಯಿಡೀ ಕಾದು ದುಡಿದದ್ದನ್ನು ಊರಿಗೆ ಒಯ್ದಿಟ್ಟಿದ್ದ ನೇಪಾಳಿಗಳಿಗೆ ಅದೂ ಇರಲಿಲ್ಲ. ನೇಪಾಳ ರಾಷ್ಟ್ರ ಬ್ಯಾಂಕಿನ ಬಳಿಯೂ ಹಳೆಯ ನೋಟುಗಳು ವರ್ಷಗಟ್ಟಲೆ ಹಾಗೇ ಉಳಿದವು. ನಮ್ಮ ನೋಟನ್ನು ನಂಬಿದ್ದಕ್ಕೆ ಅವರು ನಷ್ಟ ಅನುಭವಿಸುವಂತಾದದ್ದು ನ್ಯಾಯವಲ್ಲ. 2018ರ ಡಿಸೆಂಬರಿನಲ್ಲಿ ನೇಪಾಳ ನಮ್ಮ 200, 500, 2000ದ ನೋಟುಗಳಿಗೆ ನಿಷೇಧ ಹಾಕಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ.

ಸಿಲಿಗುರಿಗೆ ಮರಳಿ, ಚಹಾ ತೋಟಗಳ ನಡುವೆ ಹಾಸಿಮಾರದವರೆಗೆ ರೈಲು, ಅಲ್ಲಿಂದ ಜೈಗಾಂವ್. ಊರಿನ ಬೀದಿ ಮುಗಿಯುವಲ್ಲಿ ಬಣ್ಣಬಣ್ಣದ ಕಮಾನು. ಅದರಾಚೆ ಭೂತಾನಿನ ಫುಂಟ್ಶೋಲಿಂಗ್. ಹಾರ್ನ್ ಸದ್ದು ಒಮ್ಮೆಗೇ ಕಡಿಮೆಯಾಗುತ್ತದೆ.

ಇಲ್ಲಿ ಲೆಕ್ಕ ಇನ್ನೂ ಸುಲಭ. 1974ರಲ್ಲಿ ಚಲಾವಣೆಗೆ ಬಂದ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ, ಒಂದಕ್ಕೆ ಒಂದು. ನಮ್ಮ ರೂಪಾಯಿಯೂ ಅಲ್ಲಿ ನಡೆಯುತ್ತದೆ. ಕೆಂಪಕ್ಕಿ ಅನ್ನ, ಮೆಣಸಿನಕಾಯಿ ಮತ್ತು ಚೀಸಿನ ಎಮಾ ದಾತ್ಶಿ ಉಂಡು ಐನೂರು ಕೊಟ್ಟೆ. ಚಿಲ್ಲರೆಯಾಗಿ ಬಂದದ್ದು ಐವತ್ತರ ಎರಡು ನೋಟು. ಒಂದರಲ್ಲಿ ಭೂತಾನಿನ ಟ್ರೋಂಗ್ಸಾ ಜೊಂಗ್ ಕೋಟೆ, ಇನ್ನೊಂದರಲ್ಲಿ ನಮ್ಮ ಹಂಪಿಯ ಕಲ್ಲಿನ ರಥ! ಅದರ ಭಾಷಾಪಟ್ಟಿಯ ನಾಲ್ಕನೆಯ ಸಾಲಿನಲ್ಲಿ ಕನ್ನಡದ 'ಐವತ್ತು ರೂಪಾಯಿಗಳು'. ಹಿಮಾಲಯದ ಬುಡದಲ್ಲಿ ಆ ಅಕ್ಷರ ಕಂಡು ಎಷ್ಟು ಖುಷಿಯಾಯಿತೆಂದರೆ ಎರಡೂ ನೋಟನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡುತ್ತ ಕೂತೆ. ಕೊಟ್ಟಾತನಿಗೆ ಅವು ಬೇರೆ ಬೇರೆ ದೇಶದ ನೋಟೆಂಬ ಎಣಿಕೆಯೇ ಇದ್ದಂತಿರಲಿಲ್ಲ.

ಹೋಗುವವರಿಗೆ ಎರಡು ಮಾತು. ನೂರು ಮತ್ತು ಅದಕ್ಕಿಂತ ಸಣ್ಣ ನೋಟುಗಳನ್ನು ಧಾರಾಳವಾಗಿ ಒಯ್ಯಿರಿ. ದೊಡ್ಡ ನೋಟಿನ ನಿಯಮವನ್ನು ಹೊರಡುವ ಮುನ್ನ ವಿಚಾರಿಸಿ. ಭೂತಾನಿನಲ್ಲಿ ತಂಗುವ ಭಾರತೀಯರು ರಾತ್ರಿಗೆ 1200 ನ್ಗುಲ್ಟ್ರಮ್ ಶುಲ್ಕ ಕಟ್ಟಬೇಕು, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಉಳಿದ ನ್ಗುಲ್ಟ್ರಮ್‌ಗಳನ್ನು ಜೈಗಾಂವ್‌ನಲ್ಲೇ ಮುಗಿಸಿಬಿಡಿ. ಅಲ್ಲಿನ ಅಂಗಡಿಯವರು ತಕರಾರಿಲ್ಲದೆ ತೆಗೆದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಅವು ನಡೆಯುವುದಿಲ್ಲ.