ಕೊಳಗ ಕಂಡ ಮಕ್ಕಳು

ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯೆನಿಸಿ ಮೆರೆದ ಬಳ್ಳಿಗಾವೆಯು ಇಂದು ಶಿಕಾರಿಪುರ ತಾಲ್ಲೂಕಿನ ಒಂದು ಗ್ರಾಮ. ಅಲ್ಲಿಯ ಶಾಸನಗಳಲ್ಲಿ ಸೆಟ್ಟಿಗಳೂ ನಕರಗಳೂ ಸಾಲುಗಟ್ಟಿ ನಿಂತಿದ್ದಾರೆ. ಹೆಜ್ಜುಂಕ, ವಡ್ಡರಾವುಳಗಳೆಂಬ ಸುಂಕಗಳ ಮಾತು ಮತ್ತೆ ಮತ್ತೆ ಬರುತ್ತದೆ. ಬಿ. ಎಲ್. ರೈಸ್ ಅವರು 1902ರಲ್ಲಿ ಶಿಕಾರಿಪುರದ ಶಾಸನಗಳನ್ನೂ 1904ರಲ್ಲಿ ಸೊರಬದ ಶಾಸನಗಳನ್ನೂ ಎಪಿಗ್ರಾಫಿಯ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅರಸರ ಬಿರುದುಗಳನ್ನು ದಾಟಿ ಮುಂದೆ ಓದುವ ತಾಳ್ಮೆಯಿದ್ದವರಿಗೆ ಆ ಕಲ್ಲುಗಳಲ್ಲಿ ಸಂತೆಯ ಗದ್ದಲವೇ ಕೇಳಿಬರುವುದು.

ಈ ಸೀಮೆಯ ಶಾಲೆಯೊಂದರಲ್ಲಿ ಆರನೆಯ ತರಗತಿಯ ಮಕ್ಕಳಿಗೆ ಇಂತಹ ಒಂದು ದತ್ತಿಶಾಸನದ ವಿಷಯವನ್ನು ಹೇಳುತ್ತಿದ್ದ ಉಪಾಧ್ಯಾಯಿನಿಯವರು ‘ಕೊಳಗ’ವೆಂದರೇನೆಂದು ಕೇಳಿದರು. ಉತ್ತರವಿಲ್ಲ. ಒಬ್ಬ ಬಾಲಕ ‘ಕೊಳವೆ’ ಎಂದನು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂದು ಹಲಗೆಯ ಮೇಲೆ ಬರೆದುಬಿಡುವುದು ಸುಲಭವಿತ್ತು. ಆಕೆ ಹಾಗೆ ಮಾಡದೆ, ಬರುವ ಸಂತೆಯ ದಿನ ಮಕ್ಕಳನ್ನು ಶಿಕಾರಿಪುರಕ್ಕೆ ಕರೆದೊಯ್ಯಲು ಮುಖ್ಯೋಪಾಧ್ಯಾಯರ ಅನುಮತಿ ಪಡೆದರು. ಪಠ್ಯಪುಸ್ತಕವನ್ನು ಮುಗಿಸುವ ಆತುರದ ಈ ಕಾಲದಲ್ಲಿ ಅಂತಹ ಅನುಮತಿ ದೊರೆತುದೇ ದೊಡ್ಡದು.

ಸಂತೆಯಲ್ಲಿ ಮಕ್ಕಳ ಕಣ್ಣು ಮೊದಲು ಹೋದುದು ಮಂಡಕ್ಕಿಯ ರಾಶಿಯ ಕಡೆಗೆ, ಇದರಲ್ಲಿ ಸೋಜಿಗವಿಲ್ಲ. ಆಮೇಲೆ ಮೊರ, ಬುಟ್ಟಿ, ಹಗ್ಗ, ಮೂಗುದಾರ, ಎತ್ತಿನ ಕೊರಳಗಂಟೆ, ವೀಳ್ಯದೆಲೆ, ಹೊಗೆಸೊಪ್ಪು. ವಿದ್ಯುತ್ ತಕ್ಕಡಿಗಳೂ ಫೋನಿನಲ್ಲಿ ಹಣ ಪಡೆಯುವ ಚೌಕುಳಿ ಫಲಕಗಳೂ ಅಲ್ಲಲ್ಲಿ ಇದ್ದವು. ಆದರೆ ಹೂವು ಮೊಳದ ಲೆಕ್ಕದಲ್ಲೇ ಇತ್ತು. “ಯಾರ ಮೊಳ?” ಎಂದು ಹುಡುಗಿಯೊಬ್ಬಳು ಕೇಳಿದಳು. ಹೂವಾಡಗಿತ್ತಿ ನಕ್ಕು, “ಮಾರೋರ ಮೊಳ ಕಣವ್ವಾ” ಎಂದು ಹೇಳಿ, ಕೊಸರೆಂದು ನಾಲ್ಕು ಬೆರಳು ಹೆಚ್ಚು ಬಿಟ್ಟು ಕತ್ತರಿಸಿದಳು. ನಾಣ್ಯದಲ್ಲಿ ದಶಮಾಂಶ ಬಂದು 1957ಕ್ಕೆ ಆಣೆ ಹೋಯಿತು. ಅನಂತರ ಕಿಲೋಗ್ರಾಂ ಬಂದು ಮಣವೂ ಹೋಯಿತು. ಕೊಸರಿಗೆ ಮಾತ್ರ ಯಾವ ಕಾಯಿದೆಯೂ ತಟ್ಟಲಿಲ್ಲ.

ಸೊಪ್ಪಿನ ಸಾಲಿನ ಬಳಿ ಬಂದಾಗ ಗುಂಪಿನ ಒಬ್ಬ ಹುಡುಗ ಮೆಲ್ಲನೆ ಹಿಂದೆ ಸರಿದು ಗೆಳೆಯರ ಬೆನ್ನ ಮರೆಗೆ ನಿಂತನು. ಎದುರಿಗೆ ಗೋಣಿತಾಟು ಹಾಸಿ ಸೊಪ್ಪನ್ನೂ ಹುರುಳಿಯನ್ನೂ ಮಾರುತ್ತಿದ್ದವಳು ಅವನ ತಾಯಿ. ಶಾಲೆಯಲ್ಲಿ ಅವನು ಈ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ತಾಯಿ ಮಗನನ್ನು ಕಂಡಳು. ಅವನು ಅಡಗಿದ್ದನ್ನೂ ಕಂಡಳು. ಹೆಸರು ಹಿಡಿದು ಕರೆಯಲಿಲ್ಲ. “ಏನು ಕೊಡ್ಲಿ ಅಕ್ಕೋರೆ?” ಎಂದು ಉಪಾಧ್ಯಾಯಿನಿಯವರನ್ನು ಮಾತನಾಡಿಸಿದಳು.

ಹತ್ತು ರೂಪಾಯಿಯಂತೆ ಐದು ಕಟ್ಟು ಸೊಪ್ಪು, ಸೇರಿಗೆ ಎಪ್ಪತ್ತರಂತೆ ಎರಡೂವರೆ ಸೇರು ಹುರುಳಿ. ಐನೂರರ ನೋಟಿಗೆ ಚಿಲ್ಲರೆ ಎಷ್ಟೆಂದು ಮಕ್ಕಳು ಕಾಗದ ತೆಗೆಯುವಷ್ಟರಲ್ಲಿ ಆಕೆ 275 ರೂಪಾಯಿಗಳನ್ನು ಎಣಿಸಿ ಮುಂದಿಟ್ಟಿದ್ದಳು. ಕಾಗದದ ಲೆಕ್ಕವೂ ಅಷ್ಟೇ ಬಂದಿತು. ತರಗತಿಯಲ್ಲಿ ಗಣಿತಕ್ಕೆ ಮೊದಲಿಗಳೆನಿಸಿದ್ದ ಹುಡುಗಿ, “ಅವ್ವಾ, ನೀವು ಎಷ್ಟನೇ ಕ್ಲಾಸು ಓದಿದೀರಿ?” ಎಂದು ಕೇಳಿಯೇಬಿಟ್ಟಳು. “ಸಾಲಿ ಮೆಟ್ಲು ಹತ್ತಿಲ್ಲ ಮಗಾ” ಎಂದು ಆಕೆ ಸೊಪ್ಪಿಗೆ ನೀರು ಚಿಮುಕಿಸಿದಳು. ಮಕ್ಕಳು ಯಾರೂ ನಗಲಿಲ್ಲ.

ಅಷ್ಟರಲ್ಲಿ ರೈತನೊಬ್ಬ ಬಂದು ಎತ್ತುಗಳಿಗೆಂದು ಹತ್ತು ಸೇರು ಹುರುಳಿ ಕೇಳಿದನು. ಆಕೆಯ ಕೈ ಒದ್ದೆಯಾಗಿತ್ತು. ಬೆನ್ನ ಮರೆಯಲ್ಲಿದ್ದ ಹುಡುಗ ಗೆಳೆಯರನ್ನು ಸರಿಸಿ ಮುಂದೆ ಬಂದು, ತಾಯಿಯ ಪಕ್ಕದಲ್ಲಿ ಮಂಡಿಯೂರಿ ಸೇರನ್ನು ಎತ್ತಿಕೊಂಡನು. ಉಪಾಧ್ಯಾಯಿನಿಯವರು ಏನೂ ಹೇಳಲಿಲ್ಲ, ಹೇಳದಿದ್ದುದೇ ಲೇಸಾಯಿತು. ಅವನು ತಲೆಯೆತ್ತದೆ ಅಳೆಯತೊಡಗಿದನು: “ಲಾಭ... ಎರಡು... ಮೂರು...”

“ಒಂದು ಅನ್ನಬೇಕಲ್ಲೇನೋ?” ಎಂದು ಗೆಳೆಯನೊಬ್ಬ ತಿದ್ದಿದನು.

“ಮೊದಲನೇದು ಲಾಭ. ಹಂಗೇ ಎಣಿಸೋದು” ಎಂದು ಅವನು ಅಳತೆ ನಿಲ್ಲಿಸದೆ ಹೇಳಿದನು. ಹತ್ತು ತುಂಬಿದ ಮೇಲೆ ಒಂದು ಹಿಡಿ ಕೊಸರನ್ನು ರೈತನ ಚೀಲಕ್ಕೆ ಸುರಿದು ತಾಯಿಯ ಮುಖ ನೋಡಿದನು. ಅವಳು ಇನ್ನೊಂದು ಹಿಡಿ ಹಾಕಿದಳು.

ಕೊಳಗವೂ ಸಿಕ್ಕಿತು. ಹಿಂದಿನ ಸಾಲಿನ ಧಾನ್ಯದ ಮುದುಕನೊಬ್ಬ ಹಳೆಯದೊಂದನ್ನು ಚೀಲದ ಅಡಿಯಿಂದ ತೆಗೆದು ತೋರಿಸಿದನು. ಮಕ್ಕಳು ಅದನ್ನು ಸರದಿಯಂತೆ ಎತ್ತಿ ನೋಡಿದರು. ಬಸ್ಸಿನ ಹೊತ್ತಾಗಲು ಎಲ್ಲರೂ ಹೊರಟರು. ಆ ಹುಡುಗ ಮಾತ್ರ ಅನುಮತಿ ಕೇಳಿಕೊಂಡು ಸಂತೆ ಹರಿಯುವವರೆಗೆ ತಾಯಿಯ ಬಳಿಯಲ್ಲೇ ಕುಳಿತನು.